ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಮಾಯದ ಗಾಯಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಯಾರನ್ನಾದರೂ ಕಂಕನಾಡಿಗೆ ಕರೆದುಕೊಂಡು ಹೋದರು ಎಂದರೆ ಅದು ಊರಿನ ಹೆಸರಲ್ಲ, ಆಸ್ಪತ್ರೆಯ ಹೆಸರು. ನಮ್ಮ ಅಜ್ಜ ಅಜ್ಜಿಯಂದಿರ ಕಾಲದಿಂದಲೂ ಈ ಮಾತು ಹೀಗೆಯೇ ಬಳಕೆಯಲ್ಲಿದೆ. ಇಂದು ಮಣಿಪಾಲ, ಉಡುಪಿ, ಕುಂದಾಪುರಗಳಲ್ಲೇ ದೊಡ್ಡ ಆಸ್ಪತ್ರೆಗಳಿವೆ. ಆದರೂ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದ ಕ್ರೈಸ್ತ ಕುಟುಂಬ ನಮ್ಮ ಕರಾವಳಿಯಲ್ಲಿ ಇರಲಾರದು. ಆ ಹೆಸರಿನ ಹಿಂದೆ ಇರುವ ಧರ್ಮಗುರುಗಳು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಅವರ ಜೀವನವನ್ನು ನಾವು ಹಲವು ಸಲ ಓದಿದ್ದೇವೆ, ಕೇಳಿದ್ದೇವೆ. ಈ ಬಾರಿ ಅದನ್ನು ಒಂದು ಚಿಕ್ಕ ಪ್ರಶ್ನೆಯೊಂದಿಗೆ ನೋಡಲು ಬಯಸುತ್ತೇವೆ. ಗಾಯ ಎಂಬುದು ಹೇಗೆ ಮಾಯುತ್ತದೆ? ಕೆಲವರ ಗಾಯ ಮಾತ್ರ ಏಕೆ ಮಾಯುವುದಿಲ್ಲ?

ವೆಸ್ಟ್‌ಫಾಲಿಯಾದಿಂದ ಮಂಗಳೂರಿಗೆ

ಆಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ ಜನಿಸಿದರು. ಯುವಕರಾಗಿದ್ದಾಗಲೇ ಯೇಸು ಸಭೆಯನ್ನು ಸೇರಿ ಧರ್ಮಗುರುಗಳಾದರು. ಭಾರತಕ್ಕೆ ಬರುವ ಮೊದಲೇ ಅವರಿಗೆ ಹೋಮಿಯೋಪಥಿ ಚಿಕಿತ್ಸೆಯ ಪರಿಚಯವಾಗಿತ್ತು. ಮಂಗಳೂರು ಮಿಷನ್ನಿನ ಜವಾಬ್ದಾರಿಯನ್ನು ಯೇಸು ಸಭೆಗೆ ವಹಿಸಿದಾಗ, 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿ ಅವರೂ ಇದ್ದರು. ಆಗ ಅವರ ವಯಸ್ಸು 37. ಹೊಸ ದೇಶ, ಹೊಸ ಭಾಷೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಡದ ಮಳೆ. ಅವರಿಗೆ ವಹಿಸಿದ ಕೆಲಸ ಮುಖ್ಯವಾಗಿ ಪಾಠ ಹೇಳುವುದಾಗಿತ್ತು.

ಆದರೆ ಊರಿನಲ್ಲಿ ಅವರು ಕಂಡ ಸಂಕಟ ಬೇರೆಯೇ ಇತ್ತು. ಬಡವರಿಗೆ ವೈದ್ಯರೆಂಬವರೇ ಇಲ್ಲದ ಕಾಲ ಅದು. ಕೈಯಲ್ಲಿದ್ದ ಔಷಧದ ಪೆಟ್ಟಿಗೆಯಿಂದ ಅವರು ಮೊದಲು ವಿದ್ಯಾರ್ಥಿಗಳಿಗೆ, ನಂತರ ಸುತ್ತಮುತ್ತಲಿನ ಜನರಿಗೆ ಔಷಧ ಕೊಡಲಾರಂಭಿಸಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ಆರಂಭವಾಯಿತು. ಒಂದು ಆಲದ ಮರದ ನೆರಳಿನಲ್ಲಿ ಈ ಸೇವೆ ಮೊದಲಾಯಿತೆಂದು ಸಂಸ್ಥೆಯವರು ಇಂದಿಗೂ ಸ್ಮರಿಸುತ್ತಾರೆ. ಜಾತಿ, ಮತ ಕೇಳದೆ ಬಂದವರಿಗೆಲ್ಲ ಔಷಧ ಸಿಗುತ್ತಿತ್ತು.

ಹೀಗೆ ಬಂದವರಲ್ಲಿ ಗಾಯ, ಹುಣ್ಣುಗಳನ್ನು ಹೊತ್ತು ಬಂದವರೂ ಇದ್ದರು. ಬರಿಗಾಲಿನಲ್ಲಿ ನಡೆಯುವ, ಗದ್ದೆಯಲ್ಲೂ ಕಡಲಲ್ಲೂ ದುಡಿಯುವ ನಾಡಿನಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ. ಹೆಚ್ಚಿನವರ ಗಾಯ ಕೆಲವು ದಿನಗಳಲ್ಲಿ ಮಾಯುತ್ತದೆ. ಅದು ಹೇಗೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಗಾಯ ಮಾಯುವ ಬಗೆ

ಗಂಗೊಳ್ಳಿಯ ಮೀನುಗಾರನೊಬ್ಬನ ಕಾಲಿಗೆ ಮರುವಾಯಿ ಚಿಪ್ಪು ತಗಲಿ ಚರ್ಮ ಸೀಳಿತೆನ್ನಿ. ರಕ್ತ ಹರಿದ ಕೂಡಲೇ ಅಲ್ಲಿನ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ತೂತಿನ ಬಾಯಿಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ಫೈಬ್ರಿನ್ ಎಂಬ ಎಳೆಗಳು ಬಲೆಯಂತೆ ಹರಡಿ ರಕ್ತ ಹೆಪ್ಪುಗಟ್ಟುತ್ತದೆ. ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ಅದು ಒಣಗಿದಾಗ ನಾವು ಹಕ್ಕಳೆ ಎನ್ನುತ್ತೇವೆ.

ಎರಡನೆಯ ಹಂತದಲ್ಲಿ ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದನ್ನು ಕಂಡು ನಾವು ಹೆದರುವುದುಂಟು. ಆದರೆ ಮೊದಲ ದಿನಗಳ ಈ ಊತ ದೇಹದ ದುಡಿಮೆಯ ಗುರುತು. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ನುಂಗುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಬರುತ್ತವೆ. ಸತ್ತ ಕಣಗಳನ್ನೂ ಕಸವನ್ನೂ ತೆಗೆದು ಗುಡಿಸುವುದು ಇವುಗಳ ಕೆಲಸ. ಅಷ್ಟೇ ಅಲ್ಲ, ದುರಸ್ತಿ ಮಾಡುವ ಕಣಗಳನ್ನು ಕರೆತರುವ ಸಂಕೇತಗಳನ್ನು ಹೊರಡಿಸುವುದರಲ್ಲಿಯೂ ಇವು ಪ್ರಮುಖವಾದವು.

ಮೂರನೆಯ ಹಂತ ಕಟ್ಟುವ ಹಂತ. ನಾಲ್ಕೈದು ದಿನಗಳ ನಂತರ ಫೈಬ್ರೋಬ್ಲಾಸ್ಟ್ ಎಂಬ ಕಣಗಳು ಕೊಲಾಜನ್ ಎಂಬ ಗಟ್ಟಿ ನಾರನ್ನು ನೇಯುತ್ತವೆ. ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಒಳಗೆ ಬೆಳೆಯುತ್ತವೆ. ಹಕ್ಕಳೆ ಕಿತ್ತುಹೋದಾಗ ಕಾಣುವ, ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಇದುವೇ. ಮೇಲ್ಚರ್ಮದ ಕಣಗಳು ಗಾಯದ ಅಂಚಿನಿಂದ ಹೊರಟು ತೇವವಿರುವ ಹಾದಿಯಲ್ಲಿ ನಡುವಿಗೆ ಸರಿಯುತ್ತವೆ. ಗಾಯವನ್ನು ಬಿಸಿಲಿಗೆ ಒಡ್ಡಿ ಒಣಗಿಸಬೇಕೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ಗಾಯವನ್ನು ಮುಚ್ಚಿ ತೇವ ಉಳಿಸಿದರೆ ಚರ್ಮ ಬೇಗ ಕೂಡುತ್ತದೆ ಎಂಬುದನ್ನು 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು.

ಕೊನೆಯ ಹಂತ ಅತ್ಯಂತ ದೀರ್ಘವಾದುದು. ಸುಮಾರು ಮೂರು ವಾರಗಳ ನಂತರ ಆರಂಭವಾಗಿ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಅವಸರದಲ್ಲಿ ನೇಯ್ದ ಎಳೆಗಳನ್ನು ಬಿಚ್ಚಿ, ಗಟ್ಟಿಯಾದ ಎಳೆಗಳನ್ನು ಸರಿಯಾದ ದಿಕ್ಕಿನಲ್ಲಿ ಮತ್ತೆ ಹೊಂದಿಸುವ ಕೆಲಸವಿದು. ಇಷ್ಟಾದರೂ ಆಳವಾದ ಗಾಯದ ಕಲೆಯು ಮೊದಲಿನ ಚರ್ಮದ ಶಕ್ತಿಯ ಸುಮಾರು ಶೇಕಡಾ 80ಕ್ಕಿಂತ ಹೆಚ್ಚು ಪಡೆಯುವುದಿಲ್ಲ. ಅಲ್ಲಿ ಕೂದಲು ಬೆಳೆಯುವುದಿಲ್ಲ, ಬೆವರೂ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಾಯವನ್ನು ಮಾಯಿಸುವುದು ದೇಹವೇ. ವೈದ್ಯರು ಮಾಡುವುದೆಂದರೆ ಅದನ್ನು ಶುಚಿಯಾಗಿಟ್ಟು, ಸೋಂಕು ತಡೆದು, ಮುಚ್ಚಿ, ಮತ್ತೆ ಪೆಟ್ಟಾಗದಂತೆ ಕಾಯುವುದು. ಗಾಯವನ್ನು ಕಾಯಲು ದೇಹಕ್ಕೆ ತನ್ನದೇ ಒಬ್ಬ ಕಾವಲುಗಾರನಿದ್ದಾನೆ. ಅವನೇ ನೋವು. ಕಾಲಿಗೆ ಮುಳ್ಳು ಚುಚ್ಚಿದವನು ಕುಂಟುತ್ತಾ ನಡೆಯುತ್ತಾನೆ, ಆ ಕಾಲಿನ ಮೇಲೆ ಭಾರ ಹಾಕುವುದಿಲ್ಲ. ನೋವೇ ಅವನ ಗಾಯಕ್ಕೆ ವಿಶ್ರಾಂತಿ ಕೊಡಿಸುತ್ತದೆ.

ನೋವಿಲ್ಲದ ಗಾಯ

ಈ ಕಾವಲುಗಾರನಿಲ್ಲದವರು ಫಾದರ್ ಮುಲ್ಲರರ ಕಾಲದಲ್ಲಿ ನಮ್ಮ ಜಿಲ್ಲೆಯ ಸಂತೆ, ಜಾತ್ರೆ, ದಾರಿ ಬದಿಗಳಲ್ಲಿ ಕಾಣಸಿಗುತ್ತಿದ್ದರು. ಅವರೇ ಕುಷ್ಠರೋಗಿಗಳು. ಈ ರೋಗದ ಬ್ಯಾಕ್ಟೀರಿಯಾವನ್ನು 1873ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಗೆರಾರ್ಡ್ ಹ್ಯಾನ್ಸನ್ ಗುರುತಿಸಿದ್ದರು. ಆದರೆ ಅದನ್ನು ಕೊಲ್ಲುವ ಔಷಧ ಯಾರ ಬಳಿಯೂ ಇರಲಿಲ್ಲ. ನಮ್ಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಗರುಡಫಲದ ಜಾತಿಯ ಮರಗಳ ಬೀಜದಿಂದ ತೆಗೆದ ಎಣ್ಣೆಯೇ ಆಗಿನ ಮುಖ್ಯ ಮದ್ದು.

ಕುಷ್ಠದ ಬ್ಯಾಕ್ಟೀರಿಯಾ ದೇಹದ ತಂಪಾದ ಭಾಗಗಳನ್ನು, ಅಂದರೆ ಚರ್ಮ, ಕೈಕಾಲು, ಮೂಗು, ಕಿವಿಗಳನ್ನು ಹುಡುಕಿ ನೆಲೆಸುತ್ತದೆ. ಅಲ್ಲಿನ ನರಗಳಿಗೆ ಹೊದಿಕೆಯಾಗಿರುವ ಕಣಗಳೊಳಗೆ ಸೇರಿಕೊಂಡು ನರಗಳನ್ನು ಹಾಳುಮಾಡುತ್ತದೆ. ಆಗ ಬಿಸಿ ತಿಳಿಯುವುದಿಲ್ಲ, ಚುಚ್ಚಿದ್ದು ತಿಳಿಯುವುದಿಲ್ಲ. ಬೆವರು ನಿಂತು ಅಂಗಾಲು ಒಣಗಿ ಬಿರಿಯುತ್ತದೆ. ಬೆರಳುಗಳು ಮಡಚಿಕೊಳ್ಳುತ್ತವೆ. ಇಂತಹ ಕಾಲಿಗೆ ಗಾಯವಾದರೆ ರೋಗಿ ಕುಂಟುವುದಿಲ್ಲ. ಅದೇ ಗಾಯದ ಮೇಲೆ ಮೈಲುಗಟ್ಟಲೆ ನಡೆಯುತ್ತಾನೆ. ದೇಹ ಪ್ರತಿದಿನ ಕಟ್ಟಿದ ಹೊಸ ಮಾಂಸ ಪ್ರತಿದಿನ ಜಜ್ಜಿ ಹೋಗುತ್ತದೆ. ಸೋಂಕು ಎಲುಬನ್ನು ತಲುಪುತ್ತದೆ. ಕೊನೆಗೆ ಬೆರಳು, ಪಾದಗಳು ಸವೆದುಹೋಗುತ್ತವೆ.

ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಫಾದರ್ ಡೇಮಿಯನ್ ಅವರ ಕಥೆ ನಮ್ಮ ಓದುಗರಿಗೆ ಪರಿಚಿತ. 1884ರಲ್ಲಿ ಒಮ್ಮೆ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೊಬ್ಬೆ ಬಂದರೂ ಅವರಿಗೆ ನೋವಾಗಲಿಲ್ಲ. ತನಗೂ ರೋಗ ತಗಲಿದೆ ಎಂಬುದು ಅವರಿಗೆ ಖಚಿತವಾದುದು ಹೀಗೆ. ಅವರು 1889ರ ಏಪ್ರಿಲ್ 15ರಂದು ನಿಧನರಾದರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

1890: ಕುಷ್ಠರೋಗಿಗಳಿಗೆ ಒಂದು ಮನೆ

ಡೇಮಿಯನ್ ಅವರು ತೀರಿಕೊಂಡ ಮರುವರ್ಷ, 1890ರಲ್ಲಿ, ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯನ್ನು ಆರಂಭಿಸಿದರು. ಈ ನಿರ್ಧಾರ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಆಗಿನ ಕಾಲವನ್ನು ನೆನೆಯಬೇಕು. ಕುಷ್ಠ ಬಂದವರನ್ನು ಸ್ವಂತ ಮನೆಯವರೇ ಹೊರಹಾಕುತ್ತಿದ್ದರು. ಬಾವಿ, ದಾರಿ, ದೇವಾಲಯ, ಇಗರ್ಜಿ ಎಲ್ಲವೂ ಅವರಿಗೆ ದೂರ. 1898ರಲ್ಲಿ ಬ್ರಿಟಿಷ್ ಸರಕಾರ ತಂದ ಕಾಯಿದೆಯು ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಬಂಧನದಲ್ಲಿಡಲು ಅವಕಾಶ ನೀಡಿತು. ಅದಕ್ಕೂ ಎಂಟು ವರ್ಷ ಮೊದಲು ಕಂಕನಾಡಿಯಲ್ಲಿ ಅವರಿಗಾಗಿ ಬಾಗಿಲು ತೆರೆದಿತ್ತು.

ನಮ್ಮ ಕುಂದಾಪುರದಿಂದ ಮಂಗಳೂರಿಗೆ ಇಂದು ಸುಮಾರು 90 ಕಿಲೋಮೀಟರ್ ದಾರಿಯನ್ನು ನಾವು ಎರಡು ಗಂಟೆಯಲ್ಲಿ ಕ್ರಮಿಸುತ್ತೇವೆ. ಆಗ ಹೆದ್ದಾರಿಯ ಸೇತುವೆಗಳಿರಲಿಲ್ಲ. ಬೈಂದೂರಿನ ಕಡೆಯವರು ಸೌಪರ್ಣಿಕಾ ಮತ್ತು ಅದರೊಂದಿಗೆ ಸೇರುವ ಹೊಳೆಗಳನ್ನು ದಾಟಿ ಕುಂದಾಪುರಕ್ಕೆ ಬರಬೇಕು. ಬ್ರಹ್ಮಾವರದ ಆಸುಪಾಸಿನಲ್ಲಿ ಸೀತಾ, ಸ್ವರ್ಣಾ ನದಿಗಳು. ಮುಂದೆ ಉದ್ಯಾವರ, ಮುಲ್ಕಿ, ಪಾವಂಜೆ, ಕೂಳೂರು ಹೊಳೆಗಳು. ಒಂದೊಂದು ಹೊಳೆಗೂ ದೋಣಿ ಕಾಯಬೇಕು. ರೈಲು ಮಂಗಳೂರಿಗೆ ಬಂದುದೇ 1907ರಲ್ಲಿ, ಅದೂ ದಕ್ಷಿಣದ ಕಡೆಯಿಂದ. ನಮ್ಮ ಊರುಗಳಿಗೆ ಕೊಂಕಣ ರೈಲು ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅಂಗಾಲಿನಲ್ಲಿ ಹುಣ್ಣಿರುವ, ಇತರರು ದೋಣಿಗೆ ಹತ್ತಿಸಿಕೊಳ್ಳಲು ಹಿಂಜರಿಯುವ ಒಬ್ಬ ರೋಗಿಗೆ ಈ ದಾರಿ ಎಷ್ಟು ಉದ್ದವಾಗಿ ಕಂಡಿರಬಹುದು ಎಂದು ನಾವು ಊಹಿಸಬೇಕು. ನೋವಿಲ್ಲದ ಕಾಲು ನಡೆಯಲು ಒಪ್ಪುತ್ತದೆ. ಆದರೆ ಪ್ರತಿ ಹೆಜ್ಜೆಗೂ ಗಾಯ ಆಳವಾಗುತ್ತದೆ.

ಅಂತಹವರಿಗೆ ಕಂಕನಾಡಿಯಲ್ಲಿ ದೊರೆತದ್ದು ಸೂರು, ಊಟ ಮತ್ತು ಶುಶ್ರೂಷೆ. ಇದಕ್ಕೆಲ್ಲ ಹಣ ಬೇಕಲ್ಲ? ಫಾದರ್ ಮುಲ್ಲರ್ ಅವರು ಹೋಮಿಯೋಪಥಿ ಔಷಧಗಳನ್ನು ಸಿದ್ಧಪಡಿಸಿ ಭಾರತದ ಬೇರೆ ಬೇರೆ ಕಡೆಗಳಿಗೆ ಅಂಚೆಯ ಮೂಲಕ ಕಳುಹಿಸುವ ವ್ಯವಸ್ಥೆ ಮಾಡಿದರು. ಅದರ ಆದಾಯ ಮತ್ತು ದಾನಿಗಳ ನೆರವು ಬಡರೋಗಿಗಳಿಗೆ ವಿನಿಯೋಗವಾಯಿತು. ಔಷಧಾಲಯ ಬೆಳೆದು ಬಡವರ ಆಸ್ಪತ್ರೆಯೂ ಆಯಿತು. 1902ರಲ್ಲಿ ಮಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗ್ ರೋಗಿಗಳಿಗಾಗಿಯೂ ಅವರು ಆಸ್ಪತ್ರೆ ತೆರೆದರು. ಅವರ ಸೇವೆಯನ್ನು ಗುರುತಿಸಿ ಬ್ರಿಟಿಷ್ ಸರಕಾರ ಕೈಸರ್-ಎ-ಹಿಂದ್ ಪದಕ ನೀಡಿ ಗೌರವಿಸಿತು.

ಪೆಟ್ಟಿಗೆಯಲ್ಲಿ ಇಲ್ಲದ ಔಷಧ

ಇಲ್ಲಿ ಒಂದು ಸತ್ಯವನ್ನು ನಾವು ಮುಚ್ಚಿಡಬಾರದು. ಫಾದರ್ ಮುಲ್ಲರ್ ಅವರ ಪೆಟ್ಟಿಗೆಯಲ್ಲಿದ್ದ ಯಾವ ಔಷಧಕ್ಕೂ ಕುಷ್ಠದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿ ಇರಲಿಲ್ಲ. ಡ್ಯಾಪ್ಸೋನ್ ಔಷಧ ಬಳಕೆಗೆ ಬಂದುದು 1940ರ ದಶಕದಲ್ಲಿ. ಇಂದು ರೋಗವನ್ನು ಪೂರ್ಣವಾಗಿ ಗುಣಪಡಿಸುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1980ರ ದಶಕದ ಆರಂಭದಲ್ಲಿ. ಕುಷ್ಠಕ್ಕೆ ಇಂದು ಮದ್ದೆಂದರೆ ಇದೊಂದೇ. ಬೇರೆ ಯಾವ ಪದ್ಧತಿಯ ಮದ್ದನ್ನೂ ನಂಬಿ ಇದನ್ನು ತಡಮಾಡಬಾರದು.

ಹಾಗಾದರೆ ಆ ಇಪ್ಪತ್ತು ವರ್ಷಗಳ ಸೇವೆ ವ್ಯರ್ಥವೇ? ಅಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು. ಇದಕ್ಕೆ ಆಧಾರ ದೊರೆತದ್ದು ಅವರು ತೀರಿಕೊಂಡು ಸುಮಾರು ನಾಲ್ಕು ದಶಕಗಳ ನಂತರ, ತಮಿಳುನಾಡಿನ ವೆಲ್ಲೂರಿನಲ್ಲಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ರೋಗಿಯ ಮಾಂಸ ತಾನಾಗಿ ಕೊಳೆಯುತ್ತದೆ ಎಂಬ ಹಳೆಯ ನಂಬಿಕೆ ತಪ್ಪೆಂದು ಅವರಿಗೆ ಮನದಟ್ಟಾಯಿತು. ಪಾದಕ್ಕೆ ಪ್ಲಾಸ್ಟರ್ ಹಾಕಿ, ಒತ್ತಡ ಬೀಳದಂತೆ ನೋಡಿಕೊಂಡರೆ ಕುಷ್ಠರೋಗಿಯ ಗಾಯವೂ ಎಲ್ಲರ ಗಾಯದಂತೆಯೇ ಮಾಯುತ್ತದೆ. ಕೊರತೆ ಇದ್ದುದು ಮಾಯುವ ಶಕ್ತಿಯಲ್ಲಿ ಅಲ್ಲ, ನೋವಿನ ಕಾವಲಿನಲ್ಲಿ.

ಈ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ 1890ರ ಕೆಲಸದ ಅರ್ಥ ಬೇರೆಯಾಗಿ ಕಾಣುತ್ತದೆ. ಭಿಕ್ಷೆಗಾಗಿ ಊರೂರು ನಡೆಯಬೇಕಾದವನಿಗೆ ಮಲಗಲು ಹಾಸಿಗೆ ಸಿಕ್ಕಿದರೆ ಅವನ ಅಂಗಾಲಿಗೂ ವಿಶ್ರಾಂತಿ ಸಿಗುತ್ತದೆ. ಹೊಟ್ಟೆಗೆ ಊಟ ಸಿಕ್ಕಿದರೆ ಹೊಸ ಚರ್ಮ ಕಟ್ಟಲು ಬೇಕಾದ ವಸ್ತು ದೇಹಕ್ಕೆ ಸಿಗುತ್ತದೆ. ತನ್ನ ಗಾಯ ತನಗೇ ತಿಳಿಯದವನ ಗಾಯವನ್ನು ಇನ್ನೊಬ್ಬರು ಕಣ್ಣಿಟ್ಟು ನೋಡಿದರೆ, ಕಳೆದುಹೋದ ನೋವಿನ ಜಾಗದಲ್ಲಿ ಆ ಕಣ್ಣೇ ಕಾವಲಾಗುತ್ತದೆ. ರೋಗವನ್ನು ಕೊಲ್ಲಲಾಗದಿದ್ದರೂ ರೋಗಿಯನ್ನು ಕಾಯಬಹುದು ಎಂಬುದನ್ನು ಕಂಕನಾಡಿ ತೋರಿಸಿತು.

ನಿಧನ ಮತ್ತು ಅವರು ಬಿಟ್ಟುಹೋದದ್ದು

ಫಾದರ್ ಮುಲ್ಲರ್ ಅವರು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಮಂಗಳೂರಿನಲ್ಲಿಯೇ ನಿಧನರಾದರು. ಬಂದಿಳಿದ ದಿನದಿಂದ ಅವರು ಈ ಕರಾವಳಿಗೆ ಕೊಟ್ಟದ್ದು ಸುಮಾರು 32 ವರ್ಷಗಳು. ಅವರು ಕಟ್ಟಿದ ಸಂಸ್ಥೆಯನ್ನು ಮುಂದೆ ಮಂಗಳೂರು ಧರ್ಮಪ್ರಾಂತ್ಯ ನಡೆಸಿಕೊಂಡು ಬಂದಿತು. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣ ಅಲ್ಲಿ ಆರಂಭವಾದವು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಪ್ರತ್ಯೇಕವಾಗಿ ರಚನೆಯಾಗುವವರೆಗೆ ನಾವೂ ಮಂಗಳೂರು ಧರ್ಮಪ್ರಾಂತ್ಯದ ಮಕ್ಕಳೇ ಆಗಿದ್ದೆವು. ಆದ್ದರಿಂದ ಆ ಪರಂಪರೆ ನಮ್ಮದೂ ಹೌದು.

1898ರ ಆ ಕಾಯಿದೆ ಇಂದು ಇಲ್ಲ, 2016ರಲ್ಲಿ ರದ್ದಾಗಿದೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆ ಸಹಿತ ಐದು ಕಾಯಿದೆಗಳಲ್ಲಿ ಕುಷ್ಠವನ್ನು ದಾಂಪತ್ಯ ಮುರಿಯಲು ಅಥವಾ ಬೇರೆಯಾಗಲು ಕಾರಣವೆಂದು ಹೇಳಿದ್ದ ಮಾತುಗಳನ್ನು 2019ರಲ್ಲಿ ತೆಗೆದುಹಾಕಲಾಯಿತು. ಇದು ಎಷ್ಟು ತಡವಾಗಿ ಆಯಿತೆಂಬುದನ್ನೂ ನಾವು ಯೋಚಿಸಬೇಕು.

ಇಂದಿನ ನಮ್ಮ ಮನೆಗಳಲ್ಲಿ

ಪ್ರಿಯ ಓದುಗರೇ, ಕುಷ್ಠ ಇಂದು ವಿರಳವಾಗಿರಬಹುದು, ಪೂರ್ಣವಾಗಿ ಹೋಗಿಲ್ಲ. ಚರ್ಮದ ಮೇಲೆ ಬಣ್ಣ ಮಾಸಿದ ಅಥವಾ ಕೆಂಪಾದ, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ಚಿಕಿತ್ಸೆ ಉಚಿತ, 6ರಿಂದ 12 ತಿಂಗಳಲ್ಲಿ ಮುಗಿಯುತ್ತದೆ. ಬೇಗ ಆರಂಭಿಸಿದರೆ ಕೈಕಾಲುಗಳಿಗೆ ಊನವಾಗದಂತೆ ತಡೆಯಬಹುದು.

ಆದರೆ ನೋವಿಲ್ಲದ ಗಾಯ ಇಂದು ನಮ್ಮ ಮನೆಗಳಿಗೆ ಇನ್ನೊಂದು ದಾರಿಯಿಂದ ಬಂದಿದೆ. ಅದು ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಸಕ್ಕರೆಯ ಅಂಶ ಹೆಚ್ಚಿದ್ದರೆ ಪಾದಗಳ ನರಗಳು ಜಡವಾಗುತ್ತವೆ, ರಕ್ತಸಂಚಾರ ಕಡಿಮೆಯಾಗುತ್ತದೆ, ಬಿಳಿ ರಕ್ತಕಣಗಳ ಶಕ್ತಿಯೂ ಕುಂದುತ್ತದೆ. ಗಾಯ ಮಾಯುವ ಎಲ್ಲ ಹಂತಗಳೂ ಎಡವುತ್ತವೆ. ಚಪ್ಪಲಿಯೊಳಗೆ ಹೊಕ್ಕ ಸಣ್ಣ ಕಲ್ಲು, ಅಂಗಳದ ಮೊಳೆ, ಬಿಸಿ ಮರಳು ಯಾವುದೂ ಅವರಿಗೆ ತಿಳಿಯುವುದಿಲ್ಲ. ನೋವಿಲ್ಲವಲ್ಲ ಎಂದು ನಾಲ್ಕು ದಿನ ಬಿಟ್ಟ ಗಾಯ ಕಾಲನ್ನೇ ತೆಗೆಯುವ ಹಂತಕ್ಕೆ ಹೋಗುವುದುಂಟು.

ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರ ಪಾದಗಳನ್ನು ದಿನಕ್ಕೊಮ್ಮೆ, ರಾತ್ರಿಯ ತೇರ್ಸದ ನಂತರವಾದರೂ ಸರಿ, ಮನೆಯವರು ಬೆಳಕಿನಲ್ಲಿ ನೋಡಲಿ. ಬೆರಳುಗಳ ಸಂದಿ, ಅಂಗಾಲು, ಹಿಮ್ಮಡಿ ಬಿಡದೆ ನೋಡಬೇಕು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ಅಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಬರಿಗಾಲಿನಲ್ಲಿ ನಡೆಯಬಾರದು. ಚಪ್ಪಲಿಯನ್ನು ಕೊಡವಿ ಹಾಕಬೇಕು. ಜಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಕೆತ್ತಬಾರದು. ಗಾಯವಾದರೆ ಶುದ್ಧ ನೀರಿನಲ್ಲಿ ತೊಳೆದು, ಶುಚಿಯಾದ ಬಟ್ಟೆಯಿಂದ ಮುಚ್ಚಿ, ಕಾಲಿಗೆ ಭಾರ ಬೀಳದಂತೆ ನೋಡಿಕೊಂಡು ವೈದ್ಯರಲ್ಲಿಗೆ ಹೋಗಬೇಕು. ಕಾಫಿ ಪುಡಿ, ಸೆಗಣಿ, ಬೂದಿ ಹಚ್ಚಬಾರದು. ಇವು ಸೋಂಕಿಗೂ ಧನುರ್ವಾಯುವಿಗೂ ದಾರಿ ಮಾಡಿಕೊಡುತ್ತವೆ.

ಒಂಟಿಯಾಗಿರುವ ಹಿರಿಯರು ನಮ್ಮ ಪ್ರತಿ ವಾಳೆಯಲ್ಲಿಯೂ ಇದ್ದಾರೆ. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿ. ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಅವರಿಗೆ ಬೆನ್ನು ಬಿಡುವುದಿಲ್ಲ, ಕಣ್ಣು ಕಾಣಿಸುವುದಿಲ್ಲ. ಅವರ ಮನೆಗೆ ವಾರಕ್ಕೊಮ್ಮೆಯಾದರೂ ಹೋಗಿ ಪಾದಗಳನ್ನು ನೋಡಿ ಬರುವುದು ಕಷ್ಟದ ಕೆಲಸವಲ್ಲ. ಇದಕ್ಕೆ ವೈದ್ಯರಾಗಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ವಾಳೆಯ ಗುರಿಕಾರರು, ಸಂಘಟನೆಗಳ ಸದಸ್ಯರು, ಯುವಜನರು ಮನಸ್ಸು ಮಾಡಿದರೆ ಸಾಕು.

ಫಾದರ್ ಮುಲ್ಲರ್ ಅವರ ಭಾವಚಿತ್ರಕ್ಕೆ ಹಾರ ಹಾಕಲು ನಮ್ಮಲ್ಲಿ ಎಲ್ಲರಿಗೂ ಕಂಕನಾಡಿಗೆ ಹೋಗಲು ಆಗದು. ನಮ್ಮ ಪಕ್ಕದ ಮನೆಯ ಅಜ್ಜಿಯ ಕಾಲನ್ನು ನೋಡಲು ಮಾತ್ರ ಇಂದು ಸಂಜೆಯೇ ಹೋಗಬಹುದು.